ವಾಹನದ ಮಾರ್ಪಾಡೂ ಆರ್.ಸಿ.ಯೂ

ನಮ್ಮ ಶಾಲೆಯ ಹತ್ತನೆಯ ತರಗತಿಯ ಕೋಣೆ ರಸ್ತೆಗೆ ತಾಗಿಕೊಂಡೇ ಇದೆ. ಬಸ್ಸು ಹೋಗಲಿ, ಕೆಂಪುಕಲ್ಲು ಹೇರಿದ ಲಾರಿ ಹೋಗಲಿ, ಅದರ ಸದ್ದಿಗೆ ನಾವೂ ಮಕ್ಕಳೂ ಹೊಂದಿಕೊಂಡುಬಿಟ್ಟಿದ್ದೇವೆ. ಆದರೆ ಈ ಸಲ ಮಳೆಗಾಲ ಮುಗಿದ ಬಳಿಕ ದಿನಾಲೂ ಎರಡನೆಯ ಪೀರಿಯಡ್ಡಿನ ಹೊತ್ತಿಗೆ ಒಂದು ಬೈಕು ಹಾದುಹೋಗತೊಡಗಿತು. ಅದು ತಿರುವಿನಲ್ಲಿ ಕಾಣಿಸಿಕೊಳ್ಳುವ ಮೊದಲೇ ಪಾಠ ನಿಲ್ಲಿಸಬೇಕು; ಗುಡ್ಡೆ ಇಳಿದು ಮರೆಯಾದ ಮೇಲೆ ಅರ್ಧಕ್ಕೆ ಬಿಟ್ಟ ವಾಕ್ಯವನ್ನು ಹುಡುಕಬೇಕು. ಒಂದು ದಿನ ನಾವು ಬೇಸತ್ತು, "ಇದು ಯಾರಪ್ಪಾ?" ಎಂದು ಕೇಳಿದೆವು. ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ನನ್ನ ಅಣ್ಣ, ಸರ್. ನಿನ್ನೆ ಅವನನ್ನು ಹಿಡಿದು ಐದು ಸಾವಿರ ದಂಡ ಹಾಕಿದ್ದಾರೆ. ಆ ಸೈಲೆನ್ಸರ್ ಅವನು ದುಡಿದ ದುಡ್ಡಿನಿಂದ ತಂದದ್ದು. ಅಂಗಡಿಯವರು ಬಿಲ್ಲು ಕೊಟ್ಟೇ ಮಾರಿದ್ದಾರೆ. ಮಾರುವುದು ತಪ್ಪಲ್ಲವಂತೆ, ಹಾಕಿಸುವುದು ಮಾತ್ರ ತಪ್ಪಾ?"

ಆ ಹೊತ್ತಿಗೆ ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ. ಆಮೇಲೆ ಕಾನೂನಿನ ಪುಸ್ತಕ ನೋಡಿದೆವು, ತಿಳಿದವರನ್ನು ಕೇಳಿದೆವು. ಅವಳ ಪ್ರಶ್ನೆಯಿಂದ ಹೊರಟದ್ದು ಬೇರೆ ಬೇರೆ ದಾರಿ ಹಿಡಿಯಿತು. ಜೀಪು, ಆಟೋರಿಕ್ಷಾ, ಗ್ಯಾಸಿನ ಕಾರು, ಕಾಲು ನಡೆಯದವರ ಸ್ಕೂಟರು ಎಲ್ಲವೂ ಅದರೊಳಗೆ ಬಂದವು. ಹೆಚ್ಚುಕಡಿಮೆ ಎಲ್ಲರ ಮನೆಯಂಗಳದಲ್ಲೂ ಈಗ ಒಂದು ವಾಹನವಿರುವುದರಿಂದ ಅದನ್ನು ಮಕ್ಕಳ ಜೊತೆಗೆ ರಕ್ಷಕರೂ ಓದಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಿಮ್ಮ ಮನೆಯ ವಾಹನದ ಆರ್.ಸಿ.ಯನ್ನು ಕೈಗೆತ್ತಿಕೊಳ್ಳಿ. ಹಿಂದೆ ಅದು ಪುಸ್ತಕವಾಗಿತ್ತು, ಈಗ ಕಾರ್ಡು. ಯಜಮಾನರ ಹೆಸರು ಮತ್ತು ನಂಬರು ಮಾತ್ರ ಅದರಲ್ಲಿರುವುದೆಂದು ಹಲವರ ಎಣಿಕೆ. ನೋಂದಣಿಯ ದಾಖಲೆಯಲ್ಲಿ ಇನ್ನೂ ಬಹಳ ಸಂಗತಿಗಳಿವೆ. ಯಾವ ಕಂಪೆನಿಯ ಯಾವ ಮಾದರಿ, ಯಾವ ವರ್ಗದ ವಾಹನ, ಮೈಕಟ್ಟು ಯಾವ ಬಗೆಯದು, ಚಾಸಿ ನಂಬರು, ಎಂಜಿನ್ ನಂಬರು, ಯಾವ ಇಂಧನ, ಎಂಜಿನಿನ ಗಾತ್ರ ಎಷ್ಟು ಸಿ.ಸಿ., ಎಷ್ಟು ಸೀಟು, ಖಾಲಿ ಗಾಡಿಯ ತೂಕವೆಷ್ಟು, ಬಣ್ಣ ಯಾವುದು ಎಂಬುದೆಲ್ಲ ನಮೂದಾಗಿದೆ. ಗಾಡಿಯ ಜಾತಕವೆಂದರೆ ಇದೇ. ರಸ್ತೆಯಲ್ಲಿ ನಿಲ್ಲಿಸಿದ ಇನ್ಸ್‌ಪೆಕ್ಟರು ನೋಡುವುದು ಎದುರಿಗಿರುವ ಗಾಡಿಯೂ ಈ ಜಾತಕವೂ ತಾಳೆಯಾಗುತ್ತದೆಯೇ ಎಂದು.

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುವುದರ ಸಾರವೂ ಇಷ್ಟೇ. ತಯಾರಕರು ಮೊದಲಿಗೆ ನಮೂದಿಸಿದ ವಿವರಗಳಿಗೆ ಆರ್.ಸಿ.ಯ ವಿವರಗಳು ಭಿನ್ನವಾಗುವ ರೀತಿಯಲ್ಲಿ ಯಾವ ಯಜಮಾನನೂ ವಾಹನವನ್ನು ಬದಲಾಯಿಸಕೂಡದು. ಬದಲಾಯಿಸುವುದೆಂದರೇನೆಂಬ ವಿವರಣೆಯೂ ಅಲ್ಲಿದೆ: ವಾಹನದ ರಚನೆಯಲ್ಲಿ ಮಾಡಿದ ವ್ಯತ್ಯಾಸದಿಂದ ಅದರ ಮೂಲ ಲಕ್ಷಣವೇ ಬೇರೆಯಾದರೆ ಅದು ಮಾರ್ಪಾಡು. ಸೀಟಿಗೆ ಹೊಸ ಕವರು ಹೊಲಿಸುವುದು, ಕಾಲಡಿಗೆ ಚಾಪೆ ಹಾಸುವುದು, ಸವೆದ ಟಯರು ತೆಗೆದು ಅದೇ ಅಳತೆಯದನ್ನು ಹಾಕುವುದು ಇದಕ್ಕೆ ಸೇರುವುದಿಲ್ಲ.

ಇಲ್ಲಿ ಹಿರಿಯರಿಗೂ ಕಿರಿಯರಿಗೂ ಒಂದು ಭಿನ್ನಾಭಿಪ್ರಾಯ ಬರುವುದುಂಟು. "ನಮ್ಮ ಕಾಲದಲ್ಲಿ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನು ಕೂರಿಸಿ ಆಫೀಸಿನಲ್ಲಿ ಬರೆಸಿಕೊಂಡರೆ ಮುಗಿಯಿತು" ಎಂದು ಅಜ್ಜಂದಿರು ಹೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಹಿಂದಿನ 1939ರ ಕಾಯಿದೆಯಲ್ಲಿಯೂ 1988ರ ಕಾಯಿದೆಯ ಮೊದಲ ರೂಪದಲ್ಲಿಯೂ ನೋಂದಣಿ ಅಧಿಕಾರಿಯ ಅನುಮತಿ ಪಡೆದು ಮಾರ್ಪಡಿಸಲು ಅವಕಾಶವಿತ್ತು. 2000ದ ತಿದ್ದುಪಡಿಯಲ್ಲಿ ಅದು ಬಿಗಿಯಾಯಿತು. ಆದರೂ ಬಹುಕಾಲ ಜನರ ಮನಸ್ಸಿನಲ್ಲಿ ಹಳೆಯದೇ ಉಳಿಯಿತು. ಕೊನೆಗೆ ನಮ್ಮ ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿ 9ರಂದು ತೀರ್ಪು ಕೊಟ್ಟಿತು. ರಾಜ್ಯದ ನಿಯಮಗಳನ್ನು ಆಧಾರವಾಗಿಟ್ಟುಕೊಂಡು ಮಾರ್ಪಾಡಿಗೆ ದಾರಿ ಬಿಟ್ಟಿದ್ದ ಕೇರಳ ಹೈಕೋರ್ಟಿನ ತೀರ್ಮಾನವನ್ನು ಅದು ರದ್ದುಪಡಿಸಿತು. ರಾಜ್ಯದ ನಿಯಮ ಕೇಂದ್ರದ ಕಾಯಿದೆಗೆ ಅಧೀನ, ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆ ಸಲ್ಲದು ಎಂದು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ದಂಡವೂ ಏರಿತು. ಕ್ರಮವಲ್ಲದ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ, ಅಥವಾ 6 ತಿಂಗಳವರೆಗೆ ಸೆರೆಮನೆ, ಅಥವಾ ಎರಡೂ. 'ಒಂದೊಂದು ಮಾರ್ಪಾಡಿಗೆ' ಎಂಬ ಮಾತನ್ನು ಗಮನಿಸಿ. ಸೈಲೆನ್ಸರು, ಹ್ಯಾಂಡಲು, ಟಯರು ಎಲ್ಲವನ್ನೂ ಬದಲಾಯಿಸಿದವರು ಲೆಕ್ಕವನ್ನು ತಾವೇ ಹಾಕಿಕೊಳ್ಳಬಹುದು.

ಹಾಗಾದರೆ ಕಂಪೆನಿಯವರು ಮಾಡಿದ್ದೆಲ್ಲ ವೇದವಾಕ್ಯವೇ? ಎಂಜಿನಿಯರಿಂಗ್ ಬಲ್ಲ ನಮ್ಮೂರ ವೆಲ್ಡಿಂಗ್ ಶಾಪಿನವನು ಅದಕ್ಕಿಂತ ಚೆನ್ನಾಗಿ ಮಾಡಲಾರನೇ? ಮಾಡಬಹುದು. ಆದರೆ ಚೆನ್ನಾಗಿದೆಯೆಂದು ಖಚಿತಪಡಿಸುವವರು ಯಾರು ಎಂಬುದೇ ತೊಡಕು. ಕಂಪೆನಿಯೊಂದು ಹೊಸ ಮಾದರಿಯನ್ನು ಮಾರುಕಟ್ಟೆಗೆ ತರುವ ಮೊದಲು, ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಂತೆ, ಅದರ ಮೂಲಮಾದರಿಯನ್ನು ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಗೆ ಒಪ್ಪಿಸಬೇಕು. ಪುಣೆಯಲ್ಲಿ 1966ರಲ್ಲಿ ಸ್ಥಾಪನೆಯಾದ ಎ.ಆರ್.ಎ.ಐ. ಇಂಥ ಒಂದು ಸಂಸ್ಥೆ. ಹರಿಯಾಣದ ಮಾನೇಸರದಲ್ಲಿ, ಚೆನ್ನೈ ಬಳಿಯ ಒರಗಡಂನಲ್ಲಿ ಕೂಡ ಇವೆ. ಅಲ್ಲಿ ಬ್ರೇಕು, ಹೊಗೆ, ಸದ್ದು, ದೀಪ, ಡಿಕ್ಕಿ ಎಲ್ಲವನ್ನೂ ಯಂತ್ರಗಳಿಂದ ಅಳೆದು ನೋಡಿ ಆ ಮಾದರಿಗೆ ಒಪ್ಪಿಗೆ ಕೊಡುತ್ತಾರೆ. ಆಮೇಲೆ ಅದೇ ಮಾದರಿಯ ಲಕ್ಷ ಗಾಡಿ ಹೊರಬಂದರೂ ಒಂದೊಂದನ್ನೂ ಹಾಗೆ ಪರೀಕ್ಷಿಸಬೇಕಾಗಿಲ್ಲ. 'ಇದು ಒಪ್ಪಿಗೆ ಪಡೆದ ಮಾದರಿಯಂತೆಯೇ ಇದೆ' ಎಂದು ತಯಾರಕರು ಕೊಡುವ 22ನೆಯ ನಮೂನೆಯ ಪತ್ರ ಸಾಕು. ನಮ್ಮ ಆರ್.ಟಿ.ಓ. ಕಚೇರಿಯ ಇನ್ಸ್‌ಪೆಕ್ಟರ ಬಳಿ ಇರುವುದು ಒಂದು ಮೈದಾನ, ಅವರ ಅನುಭವದ ಕಣ್ಣು, ಹೊಗೆ ತಪಾಸಣೆಯ ಚೀಟಿ. ವೆಲ್ಡಿಂಗ್ ಮಾಡಿದ ಜಾಗ ಎಷ್ಟು ಭಾರ ತಾಳೀತೆಂದು ಅವರು ಹೇಗೆ ಬರೆದುಕೊಟ್ಟಾರು?

ಜರ್ಮನಿಯಲ್ಲಿ ಇದಕ್ಕೆ ಬೇರೆ ಏರ್ಪಾಡಿದೆ. ಅಲ್ಲಿಯೂ ಮನಬಂದಂತೆ ಬದಲಾಯಿಸಿದರೆ ಗಾಡಿಯ ಓಡಾಟದ ಪರವಾನಗಿಯೇ ಬಿದ್ದುಹೋಗಬಹುದು. ಆದರೆ ಒಂದೊಂದು ಗಾಡಿಯನ್ನೂ ಒಯ್ದು ತೋರಿಸಿ ಒಪ್ಪಿಗೆ ಪಡೆಯಬಲ್ಲ ಪರೀಕ್ಷಾ ಸಂಸ್ಥೆಗಳಿವೆ. ಅವುಗಳಲ್ಲಿ ಹೆಸರಾದುದು 'ಟ್ಯೂಫ್'. ಅದರ ಹುಟ್ಟು ಸ್ವಾರಸ್ಯದ್ದು. 1865ರಲ್ಲಿ ಮಾನ್‌ಹೈಮ್ ಎಂಬ ಊರಿನ ಬಿಯರ್ ಕಾರ್ಖಾನೆಯಲ್ಲಿ ಉಗಿಯ ಬಾಯ್ಲರು ಒಡೆಯಿತು. ಸರಕಾರ ಬರುವುದನ್ನು ಕಾಯದೆ ಕಾರ್ಖಾನೆಯವರೇ ಸೇರಿ ಮರುವರ್ಷ ಬಾಯ್ಲರುಗಳನ್ನು ತಪಾಸಣೆ ಮಾಡಿಸುವ ಸಂಘ ಕಟ್ಟಿದರು. ಅಂಥ ಸಂಘಗಳೇ ಬೆಳೆದು ಮುಂದೆ ಮೋಟಾರು ಗಾಡಿಗಳನ್ನೂ ಪರೀಕ್ಷಿಸತೊಡಗಿದವು. (ಅದೇ 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆ ಮಂಗಳೂರು ಹಂಚೇ ನಮ್ಮೂರ ಹಳೆಯ ಮಾಡುಗಳ ಮೇಲಿರುವುದು.) ನಮ್ಮಲ್ಲಿಯೂ ಜಿಲ್ಲೆಗೊಂದು ಅಂಥ ಪರೀಕ್ಷಾಲಯವಿದ್ದರೆ ಕುಶಲಿಗಳಾದ ಕೆಲಸಗಾರರಿಗೆ ದಾರಿಯಾಗುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ. ಇಲ್ಲದಿರುವಾಗ ಕಾನೂನು 'ಬೇಡ' ಎನ್ನುವುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಇನ್ನು ಸೈಲೆನ್ಸರಿನ ವಿಷಯ. ಎಂಜಿನಿನೊಳಗೆ ಪ್ರತಿಸಲ ಇಂಧನ ಉರಿದಾಗಲೂ ಹೊರಬೀಳುವ ಬಿಸಿಗಾಳಿ ಒಂದು ಹೊಡೆತದ ಹಾಗೆ ಕೊಳವೆಗೆ ನುಗ್ಗುತ್ತದೆ. ಸೈಲೆನ್ಸರಿನೊಳಗೆ ಗೋಡೆಗಳೂ ತೂತಿನ ಕೊಳವೆಗಳೂ ಕೋಣೆಗಳೂ ಇವೆ. ಸದ್ದಿನ ಅಲೆಗಳು ಅಲ್ಲಿ ಬಡಿದು ಹಿಂತಿರುಗಿ ಒಂದನ್ನೊಂದು ಅಳಿಸಿಹಾಕುತ್ತವೆ. ಹತ್ತನೆಯ ತರಗತಿಯವರು ಬೆಳಕಿನ ಪ್ರತಿಫಲನ ಓದಿದ್ದೀರಿ, ಸದ್ದಿಗೂ ಅದುಂಟು. ಆ ಗೋಡೆಗಳಿಲ್ಲದ ನೇರ ಕೊಳವೆ ಹಾಕಿದರೆ ಹೊಡೆತ ಹೊಡೆತವಾಗಿಯೇ ಹೊರಬರುತ್ತದೆ. ಬೈಕುಗಳಿಗೆ ತಯಾರಿಕೆಯ ಹಂತದಲ್ಲಿ ಗೊತ್ತುಪಡಿಸಿದ ಮಿತಿ, ಎಂಜಿನಿನ ಗಾತ್ರ 80 ಸಿ.ಸಿ.ವರೆಗೆ 75 ಡೆಸಿಬೆಲ್, 175 ಸಿ.ಸಿ.ವರೆಗೆ 77, ಅದಕ್ಕೆ ಮೇಲ್ಪಟ್ಟರೆ 80. 80ಕ್ಕೂ 90ಕ್ಕೂ ಹತ್ತೇ ವ್ಯತ್ಯಾಸವೆಂದು ತಿಳಿಯಬೇಡಿ. ಡೆಸಿಬೆಲ್ ಎಂಬುದು ಗುಣಾಕಾರದ ಲೆಕ್ಕ. 3 ಹೆಚ್ಚಿದರೆ ಸದ್ದಿನ ಶಕ್ತಿ ಸುಮಾರು ಇಮ್ಮಡಿ, 10 ಹೆಚ್ಚಿದರೆ ಹತ್ತು ಪಟ್ಟು. 90 ಡೆಸಿಬೆಲ್ಲಿನ ಒಂದು ಬೈಕು 80ರ ಹತ್ತು ಬೈಕುಗಳು ಒಟ್ಟಿಗೆ ಹೋದುದಕ್ಕೆ ಸಮ. ನಮ್ಮ ಪಾಠ ನಿಲ್ಲುತ್ತಿದ್ದುದು ಯಾಕೆಂದು ಈಗ ಗೊತ್ತಾಯಿತಲ್ಲ!

ಸದ್ದೊಂದೇ ಅಲ್ಲ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ಬೈಕುಗಳಲ್ಲಿ ಹೊಗೆಯ ವಿಷವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಕೊಳವೆಯ ದಾರಿಯಲ್ಲೇ ಇರುತ್ತದೆ. ಕೊಳವೆಯನ್ನು ಬುಡದಿಂದಲೇ ಬದಲಾಯಿಸುವವರು ಅದನ್ನೂ ಕಿತ್ತು ಗುಜರಿಗೆ ಹಾಕುತ್ತಾರೆ. ಸದ್ದು ಮತ್ತು ಹೊಗೆಯ ಮಿತಿ ಮೀರಿದ್ದಕ್ಕೆ ಬೇರೆಯೇ ಕಲಮು, 190. ಅದರ ದಂಡ 10,000 ರೂಪಾಯಿವರೆಗೆ, ಜೊತೆಗೆ ಮೂರು ತಿಂಗಳು ಲೈಸೆನ್ಸಿಗೂ ಕುತ್ತು.

ಅಂಗಡಿಯವನು ಮಾರಬಹುದೇ ಎಂಬ ಹುಡುಗಿಯ ಪ್ರಶ್ನೆಗೆ ನಾವು ಕೊಡಬಲ್ಲ ಉತ್ತರ ಪೂರ್ತಿ ಸಮಾಧಾನದ್ದಲ್ಲ. ಸುರಕ್ಷತೆಗೆ ಮುಖ್ಯವೆಂದು ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿದ ಬಿಡಿಭಾಗಗಳು ಗುಣಮಟ್ಟಕ್ಕೆ ತಕ್ಕಂತಿಲ್ಲದಿದ್ದರೆ ಮಾರುವವನಿಗೂ ಭಾರೀ ಶಿಕ್ಷೆಯಿದೆ, ಒಂದೊಂದಕ್ಕೆ 1 ಲಕ್ಷ ರೂಪಾಯಿ ದಂಡ. ಉಳಿದ ಭಾಗಗಳನ್ನು 'ರೇಸಿನ ಮೈದಾನದ ಉಪಯೋಗಕ್ಕೆ' ಎಂದು ಚೀಟಿ ಅಂಟಿಸಿ ಮಾರುತ್ತಾರೆ. ಕೊಂಡವನು ರೇಸಿಗೆ ಹೋಗುವವನಲ್ಲವೆಂದು ಇಬ್ಬರಿಗೂ ಗೊತ್ತು. ಸಿಕ್ಕಿಬೀಳುವುದು ರಸ್ತೆಯಲ್ಲಿರುವವನು. ಇದು ನ್ಯಾಯವೆಂದು ನಮಗೂ ಅನ್ನಿಸುವುದಿಲ್ಲ, ಆದರೆ ದಂಡದ ಚೀಟಿಯ ಮೇಲೆ ಅಂಗಡಿಯ ಹೆಸರು ಬರುವುದಿಲ್ಲ.

ಟಯರಿನದು ಒಳ್ಳೆಯ ಲೆಕ್ಕ. ಎಂಟನೆಯ ತರಗತಿಯವರೂ ಮಾಡಬಹುದು. ಕಾರಿನ ಟಯರಿನ ಬದಿಯಲ್ಲಿ 165/80 ಆರ್ 14 ಎಂದು ಬರೆದಿದೆ ಎನ್ನಿ. 165 ಎಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಬದಿಗೋಡೆಯ ಎತ್ತರ ಅಗಲದ ನೂರಕ್ಕೆ 80, ಅಂದರೆ 132 ಮಿ.ಮೀ. 14 ಎಂಬುದು ಒಳಗಿನ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದು ಇಂಚಿಗೆ 25.4 ಮಿ.ಮೀ. ಪ್ರಕಾರ ಅದು 355.6. ಮೇಲೊಂದು ಕೆಳಗೊಂದು ಬದಿಗೋಡೆ ಕೂಡಿಸಿದರೆ ಒಟ್ಟು ವ್ಯಾಸ ಸುಮಾರು 620 ಮಿ.ಮೀ. ಇದನ್ನು ತೆಗೆದು, ನೋಡಲು ಗಡುಸಾಗಿದೆಯೆಂದು 195/80 ಆರ್ 15 ಹಾಕಿಸಿದರೆ? ಬದಿಗೋಡೆ 156, ರಿಮ್ಮು 381, ಒಟ್ಟು 693. ಚಕ್ರ ಒಂದು ಸುತ್ತು ಬಂದರೆ ಗಾಡಿ ಮೊದಲಿಗಿಂತ ನೂರಕ್ಕೆ ಹನ್ನೆರಡರಷ್ಟು ಹೆಚ್ಚು ದೂರ ಹೋಗುತ್ತದೆ. ಆದರೆ ವೇಗಮಾಪಕ ಎಣಿಸುವುದು ಸುತ್ತುಗಳನ್ನು ಮಾತ್ರ. ಮುಳ್ಳು 60 ತೋರಿಸುವಾಗ ಗಾಡಿ 67ರಲ್ಲಿ ಓಡುತ್ತಿರುತ್ತದೆ. ಬ್ರೇಕು ಮಾತ್ರ ಮೊದಲಿನದೇ, ಹಿಡಿದು ನಿಲ್ಲಿಸಬೇಕಾದ ಚಕ್ರ ದೊಡ್ಡದು. ಚಂದ್ರಗಿರಿ ಸೇತುವೆಯ ಹತ್ತಿರದ ಇಳಿಜಾರಿನಲ್ಲಿ ಮಳೆಯ ದಿನ ಇದರ ಅರ್ಥ ತಿಳಿಯುತ್ತದೆ.

ಕಾರಿನ ಮುಂದೆ ಕಟ್ಟುವ ಕಬ್ಬಿಣದ ಗಾರ್ಡಿನ ವಿಷಯದಲ್ಲೂ ಕೇಂದ್ರ ಸಾರಿಗೆ ಮಂತ್ರಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಪತ್ರ ಬರೆದು ಕ್ರಮ ಕೈಗೊಳ್ಳಲು ಹೇಳಿತು. ಡಿಕ್ಕಿಯಾದಾಗ ಕಾರಿನ ಮೂತಿ ನುಗ್ಗಾಗಿ ಹೊಡೆತವನ್ನು ತಾನು ನುಂಗುವಂತೆ ಮಾಡಿರುತ್ತಾರೆ. ಗಾರ್ಡು ಆ ಕೆಲಸವನ್ನು ಕೆಡಿಸುತ್ತದೆ, ಗಾಳಿಚೀಲ ತೆರೆಯುವ ಸಮಯವನ್ನೂ ತಪ್ಪಿಸಬಹುದು. ನಡೆದುಹೋಗುವವನಿಗಂತೂ ಅದು ಹಾರೆಯೇ ಸರಿ.

ರಕ್ಷಕರಿಗೆ ಹೇಳಬೇಕಾದ್ದೆಂದರೆ ಆಟೋರಿಕ್ಷಾದ ಸಂಗತಿ. ಡ್ರೈವರನ ಬೆನ್ನ ಹಿಂದೆ ಅಡ್ಡಹಲಗೆಯೊಂದನ್ನು ಕೂರಿಸಿ ಅದರ ಮೇಲೆ ಎಳೆಯ ಮಕ್ಕಳನ್ನು ಸಾಲಾಗಿ ಕೂರಿಸುತ್ತಾರೆ. ಆ ಹಲಗೆಯೂ ಮಾರ್ಪಾಡೇ. ಮೂರು ಚಕ್ರದ ಗಾಡಿಯಲ್ಲಿ ಭಾರ ಹೆಚ್ಚಿದಷ್ಟೂ, ಮೇಲಕ್ಕೇರಿದಷ್ಟೂ ತಿರುವಿನಲ್ಲಿ ಮಗುಚುವ ಭಯ ಹೆಚ್ಚು. ಒಂದು ಮಗುವಿಗೆ ಒಂದಿಷ್ಟು ಬಾಡಿಗೆ ಉಳಿಯುತ್ತದೆಂದು ನಾವೇ ಆ ಹಲಗೆಗೆ ದುಡ್ಡು ಕೊಡುತ್ತಿದ್ದೇವೆ. ಆಟೋದವರೊಬ್ಬರನ್ನೇ ದೂರುವುದು ಸರಿಯಲ್ಲ.

ಇದುವರೆಗೆ ಮಾಡಬಾರದ್ದನ್ನು ಹೇಳಿದ್ದಾಯಿತು. ಮಾಡಬಹುದಾದ್ದೂ ಇದೆ, ಅದಕ್ಕೆ ಕಾನೂನೇ ಬಾಗಿಲು ತೆರೆದಿಟ್ಟಿದೆ.

ಬಣ್ಣ ಬದಲಾಯಿಸುವುದಾದರೆ ಆರ್.ಟಿ.ಓ. ಕಚೇರಿಗೆ ಅರ್ಜಿ ಹಾಕಿ ಆರ್.ಸಿ.ಯಲ್ಲಿ ಹೊಸ ಬಣ್ಣ ಬರೆಸಿಕೊಳ್ಳಬೇಕು. ಎಂಜಿನು ಕೆಟ್ಟು ಅದೇ ಕಂಪೆನಿಯ ಅದೇ ಬಗೆಯ ಇನ್ನೊಂದನ್ನು ಕೂರಿಸಿದರೂ ಹೊಸ ನಂಬರನ್ನು ಬರೆಸಲೇಬೇಕು. 14 ದಿನದೊಳಗೆ ವರದಿ ಮಾಡಬೇಕೆಂದು ಕಾಯಿದೆ ಹೇಳುತ್ತದೆ. ಎಂಜಿನು ಕಳವಿನದ್ದಲ್ಲವೆಂದು ತೋರಿಸಲು ಬಿಲ್ಲು ಬೇಕು. ಸಾಲದ ಗಾಡಿಯಾದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯನ್ನೂ ಮೊದಲೇ ಪಡೆದಿರಬೇಕು.

ಪೆಟ್ರೋಲ್ ಗಾಡಿಯನ್ನು ಗ್ಯಾಸಿಗೆ ಅಥವಾ ಬ್ಯಾಟರಿಗೆ ಪರಿವರ್ತಿಸುವುದಕ್ಕೆ 52ನೆಯ ಕಲಮಿನಲ್ಲೇ ಅವಕಾಶವಿದೆ. ಷರತ್ತು ಮೂರು. ಕಿಟ್ಟು ಒಪ್ಪಿಗೆ ಪಡೆದದ್ದಾಗಿರಬೇಕು, ಅಳವಡಿಸುವವರು ಅಧಿಕೃತರಾಗಿರಬೇಕು, ಆಮೇಲೆ ಆರ್.ಸಿ.ಯ ಇಂಧನದ ಸಾಲು ತಿದ್ದಬೇಕು. 1990ರ ದಶಕದಲ್ಲಿ ಅಡುಗೆಮನೆಯ ಕೆಂಪು ಸಿಲಿಂಡರನ್ನೇ ವ್ಯಾನಿನ ಸೀಟಿನ ಕೆಳಗೆ ಮಲಗಿಸಿ ಓಡಿಸಿದವರನ್ನು ನಾವು ಕಂಡಿದ್ದೇವೆ. ಅಡುಗೆಯ ಸಿಲಿಂಡರು ನೆಟ್ಟಗೆ ನಿಂತು, ಮೇಲಿನಿಂದ ಆವಿಯನ್ನು ಮಾತ್ರ ಕೊಡುವಂತೆ ಮಾಡಿದ್ದು. ಮಲಗಿಸಿದರೆ ಆವಿಯ ಬದಲು ದ್ರವವೇ ಬರುತ್ತದೆ. ಗಾಡಿಯ ಎಲ್.ಪಿ.ಜಿ. ಟ್ಯಾಂಕಿನಲ್ಲಿ ನೂರಕ್ಕೆ 80 ತುಂಬುತ್ತಲೇ ತಾನಾಗಿ ಮುಚ್ಚುವ ಕವಾಟ, ಕೊಳವೆ ತುಂಡಾದರೆ ಹರಿವನ್ನು ತಡೆಯುವ ಕವಾಟ ಎಲ್ಲ ಇವೆ. ಸಿ.ಎನ್.ಜಿ.ಯ ಒತ್ತಡವಂತೂ 200 ಬಾರ್, ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಇನ್ನೂರು ಪಟ್ಟು. ಆದುದರಿಂದ ಅದರ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದಿಂದ ಪರೀಕ್ಷಿಸಿ ತಾರೀಕು ಕೆತ್ತಿಸಬೇಕು. ಹಳೆಯ ಗಾಡಿ ಕೊಳ್ಳುವವರು ಈ ತಾರೀಕನ್ನು ನೋಡಲು ಮರೆಯಬಾರದು. ಬ್ಯಾಟರಿಗೆ ಪರಿವರ್ತಿಸಿದ ಖಾಸಗಿ ಗಾಡಿಗೆ ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರದ ನಂಬರು ಬರುತ್ತದೆ. ಗ್ಯಾಸಾಗಲಿ ಬ್ಯಾಟರಿಯಾಗಲಿ, ವಿಮಾ ಕಂಪೆನಿಗೆ ತಿಳಿಸದಿದ್ದರೆ ಗಾಡಿಗೆ ಹಾನಿಯಾದ ದಿನ ತಕರಾರು ಬರುವುದು ಖಂಡಿತ.

ಎಲ್ಲಕ್ಕಿಂತ ದೊಡ್ಡ ಬಾಗಿಲು ತೆರೆದಿರುವುದು ಅಂಗವಿಕಲರಿಗೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಇದರ ಅಗತ್ಯವುಳ್ಳ ಮನೆಗಳು ಹಲವಿವೆ, ತಿಳಿದವರು ಕಡಿಮೆ.

ನಮ್ಮ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬರು ಎಳವೆಯಲ್ಲಿ ಪೋಲಿಯೋದಿಂದ ಬಲಗಾಲಿನ ಬಲ ಕಳಕೊಂಡವರು. ಪೇಟೆಯಲ್ಲಿ ಸಣ್ಣದೊಂದು ಅಂಗಡಿ ಇದೆ. ಬಸ್ಸಿನ ಮೆಟ್ಟಲು ಹತ್ತಿಸಲು ದಿನಾ ಒಬ್ಬರು ಬೇಕು. ಹತ್ತಿಸಿದವರೇ ಇಳಿಸಲು ಇರುವುದಿಲ್ಲ. ಹಾಗಾಗಿ ಅವರು ಗೇರಿಲ್ಲದ ಸ್ಕೂಟರೊಂದನ್ನು ಕೊಂಡು, ಹಿಂದಿನ ಚಕ್ರದ ಎರಡೂ ಬದಿಗೆ ಒಂದೊಂದು ಚಕ್ರ ಕಟ್ಟಿಸಿಕೊಂಡರು. ಗೇರಿಲ್ಲದ ಸ್ಕೂಟರಿನಲ್ಲಿ ಎರಡು ಬ್ರೇಕೂ ಕೈಯಲ್ಲಿರುವುದರಿಂದ ಕಾಲಿನ ಕೆಲಸವಿಲ್ಲ. ಬದಿಯ ಚಕ್ರಗಳಿಗೆ ಎಂಜಿನಿನ ಸಂಬಂಧವಿಲ್ಲ, ಅವು ಸ್ಪ್ರಿಂಗಿನ ಮೇಲೆ ಕುಳಿತು ಗಾಡಿ ಬೀಳದಂತೆ ಹಿಡಿಯುತ್ತವೆ ಅಷ್ಟೇ. ಮೂರು ವರ್ಷ ಹಾಗೆಯೇ ಓಡಿಸಿದರು. ಆರ್.ಸಿ.ಯಲ್ಲಿ ಏನೂ ಬರೆಸಿರಲಿಲ್ಲ. "ಯಾರೂ ನನ್ನನ್ನು ನಿಲ್ಲಿಸಿಯೇ ಇಲ್ಲ. ಪೊಲೀಸರೂ ಕನಿಕರದಿಂದ ಬಿಡುತ್ತಿದ್ದರು" ಎಂದು ಅವರು ನಮ್ಮೊಡನೆ ಹೇಳಿದರು.

ಒಂದು ಸಂಜೆ ಹಿಂದಿನಿಂದ ಬಂದ ಕಾರು ತಾಗಿ ಸ್ಕೂಟರು ಚರಂಡಿಗೆ ಬಿತ್ತು. ತಪ್ಪು ಕಾರಿನದೇ. ಅವರ ತೋಳು ಮುರಿಯಿತು, ಗಾಡಿ ಜಖಂ ಆಯಿತು. ಸ್ಕೂಟರಿನ ರಿಪೇರಿಗೆಂದು ತಮ್ಮ ವಿಮೆಯವರ ಬಳಿ ಹೋದಾಗ, ನೋಡಲು ಬಂದವರು ಕೇಳಿದ ಮೊದಲ ಪ್ರಶ್ನೆ, "ಈ ಎರಡು ಚಕ್ರ ನಿಮ್ಮ ಆರ್.ಸಿ.ಯಲ್ಲಿ ಎಲ್ಲಿವೆ?" ರಿಪೇರಿಯ ದುಡ್ಡು ಬರಲಿಲ್ಲ. ಕನಿಕರ ರಸ್ತೆಯಲ್ಲಿ ನಡೆದೀತು, ಕಡತದಲ್ಲಿ ನಡೆಯುವುದಿಲ್ಲ.

ವಿಪರ್ಯಾಸವೆಂದರೆ ಅವರಿಗೆ ಕಾನೂನು ಮೊದಲಿನಿಂದಲೂ ಅನುಕೂಲವಾಗಿಯೇ ಇತ್ತು. 2019ರ ತಿದ್ದುಪಡಿ 'ಅಳವಡಿಸಿದ ವಾಹನ' ಎಂಬ ವರ್ಗವನ್ನು ತಂದಿದೆ. ದಾಖಲೆಗಳಲ್ಲಿ ಅಡಾಪ್ಟೆಡ್ ವೆಹಿಕಲ್ ಎಂದು ಬರುತ್ತದೆ. ದೈಹಿಕ ನ್ಯೂನತೆಯುಳ್ಳವರಿಗಾಗಿಯೇ ಕಟ್ಟಿದ ಅಥವಾ ಮಾರ್ಪಡಿಸಿದ, ಅವರೇ ಇಲ್ಲವೆ ಅವರಿಗಾಗಿಯೇ ಬಳಸುವ ಗಾಡಿ ಎಂದು ಅರ್ಥ. ಬೇರೆ ಮಾರ್ಪಾಡುಗಳಿಗೆ 'ಕೂಡದು' ಎನ್ನುವ 52ನೆಯ ಕಲಮೇ ಇದಕ್ಕೆ ಹೊರತು ಹೇಳುತ್ತದೆ. ಗಾಡಿಯನ್ನು ಹೀಗೆ ಮಾರ್ಪಡಿಸಿ, ಬಳಿಕ ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆಯಬಹುದು. ಕೇಂದ್ರ ಸರಕಾರ ವಿಧಿಸಿದ ಷರತ್ತುಗಳಿಗೆ ಅದು ಒಪ್ಪಬೇಕು ಎಂದಷ್ಟೇ ಕಟ್ಟು. ಲೈಸೆನ್ಸಿನಲ್ಲಿಯೂ ಅಡಾಪ್ಟೆಡ್ ವೆಹಿಕಲ್ ಎಂಬ ಪ್ರತ್ಯೇಕ ವರ್ಗವಿದೆ. ಕಾಲು ಸರಿಯಿಲ್ಲವೆಂಬ ಒಂದೇ ಕಾರಣಕ್ಕೆ ಲೈಸೆನ್ಸು ಸಿಗುವುದಿಲ್ಲವೆಂದು ನಂಬಿ ಸುಮ್ಮನಿರುವವರು ಇದನ್ನು ತಿಳಿದಿರಬೇಕು. ಅಂಥ ಗಾಡಿಯನ್ನು ಓಡಿಸಲು ತಕ್ಕವರೆಂದು ಅಧಿಕಾರಿಗೆ ಮನವರಿಕೆಯಾದರೆ ಕೊಡಬಹುದೆಂದು ಕಾಯಿದೆಯಲ್ಲೇ ಇದೆ.

ನಮ್ಮ ಹಳೆ ವಿದ್ಯಾರ್ಥಿ ತೋಳು ಕೂಡಿದ ಮೇಲೆ ಈ ಎರಡನ್ನೂ ಮಾಡಿಸಿಕೊಂಡರು. ವೈದ್ಯಕೀಯ ಮಂಡಳಿ ಕೊಟ್ಟ ಅಂಗವೈಕಲ್ಯದ ಪತ್ರ, ಆರ್.ಸಿ., ವಿಮೆ, ಹೊಗೆ ತಪಾಸಣೆಯ ಚೀಟಿ, ಚಕ್ರ ಕಟ್ಟಿಸಿದ್ದರ ಬಿಲ್ಲು ಇಷ್ಟನ್ನು ಜೋಡಿಸಿಕೊಂಡರು. ಪರಿವಾಹನ್ ಜಾಲತಾಣದಲ್ಲಿ ಅರ್ಜಿ ತುಂಬಿಸಿದವರು ನಮ್ಮ ಒಂಬತ್ತನೆಯ ತರಗತಿಯ ಇಬ್ಬರು ಹುಡುಗರು. ಗೊತ್ತಾದ ದಿನ ಗಾಡಿಯನ್ನು ಮೈದಾನಕ್ಕೆ ಒಯ್ದರು. ಇನ್ಸ್‌ಪೆಕ್ಟರು ಕೆಳಗೆ ಬಗ್ಗಿ ವೆಲ್ಡಿಂಗನ್ನು ನೋಡಿ, ಒಂದು ಕಡೆಯ ಬೋಲ್ಟು ಸಡಿಲವಿದೆ, ಬಿಗಿ ಮಾಡಿಸಿ ನಾಳೆ ತನ್ನಿ ಎಂದರಂತೆ. ಮರುದಿನ ಒಪ್ಪಿದರು. ಓಡಿಸುವ ಪರೀಕ್ಷೆ ಅದೇ ಸ್ಕೂಟರಿನಲ್ಲಿ ಆಯಿತು.

ಅವರು ನಮಗೆ ಹೇಳಿಕೊಟ್ಟ ಇನ್ನೊಂದು ಮಾತು. ಎರಡು ಚಕ್ರದ ಗಾಡಿ ತಿರುವಿನಲ್ಲಿ ಒಳಮಗ್ಗುಲಿಗೆ ವಾಲುತ್ತದೆ, ಆ ವಾಲುವಿಕೆಯೇ ಅದನ್ನು ಬೀಳದಂತೆ ಕಾಯುವುದು. ಬದಿಚಕ್ರ ಕಟ್ಟಿದ ಮೇಲೆ ವಾಲುವಂತಿಲ್ಲ. ವೇಗವಾಗಿ ತಿರುಗಿಸಿದರೆ ಹೊರಮಗ್ಗುಲಿಗೆ ಎಸೆದಂತಾಗುತ್ತದೆ, ಒಳಗಿನ ಚಕ್ರ ಮೇಲೇಳುತ್ತದೆ. ಹಾಗಾಗಿ ತಿರುವಿನ ಮೊದಲೇ ವೇಗ ಇಳಿಸಬೇಕು, ತಿರುವಿನಲ್ಲಿ ಅಲ್ಲ. "ಸೈಕಲ್ ಬಲ್ಲವರಿಗೇ ಇದು ಕಷ್ಟ. ನಾನು ಸೈಕಲ್ ಕಲಿಯದವನು, ನನಗೆ ಸುಲಭವಾಯಿತು" ಎಂದು ನಕ್ಕರು.

ಕೊನೆಯದಾಗಿ ಗಡಿಯವರಾದ ನಮಗೆ ಮಾತ್ರ ಬರುವ ಒಂದು ತೊಂದರೆ. ಮಂಗಳೂರಿನಲ್ಲಿ ಹಳೆಯ ಗಾಡಿ ಸೋವಿಯಲ್ಲಿ ಸಿಕ್ಕಿತೆಂದು ತಲಪಾಡಿ ದಾಟಿಸಿ ತರುತ್ತೇವೆ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರು ಪಡೆಯಬೇಕು. ಅದಕ್ಕೆ ಅಲ್ಲಿನ ಕಚೇರಿಯಿಂದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ ತರಬೇಕು. ಆಗ ಇಲ್ಲಿನವರು ಗಾಡಿಯನ್ನು ತಲೆಯಿಂದ ಕಾಲಿನವರೆಗೆ ಹೊಸದಾಗಿ ನೋಡುತ್ತಾರೆ. ಹಿಂದಿನ ಯಜಮಾನ ಮಾಡಿಸಿದ, ಎಲ್ಲಿಯೂ ಬರೆಸದ ಬದಲಾವಣೆಗಳು ಆ ದಿನ ಹೊಸ ಯಜಮಾನನ ತಲೆಗೆ ಬರುತ್ತವೆ. ಆದಕಾರಣ ಮುಂಗಡ ಕೊಡುವ ಮೊದಲು ಆರ್.ಸಿ.ಯನ್ನು ಕೈಯಲ್ಲಿ ಹಿಡಿದು ಗಾಡಿಯ ಸುತ್ತ ಒಮ್ಮೆ ಬನ್ನಿ. ಚಾಸಿ ನಂಬರು, ಎಂಜಿನ್ ನಂಬರು, ಇಂಧನ, ಸೀಟು, ಬಣ್ಣ, ಮೈಕಟ್ಟು ಒಂದೊಂದನ್ನೂ ಬೆರಳಿಟ್ಟು ನೋಡಿ. ಅರ್ಧ ಗಂಟೆಯ ಕೆಲಸ. ಎಂಜಿನ್ ನಂಬರು ಓದಲು ಕಣ್ಣು ಚುರುಕಿರುವ ಮಕ್ಕಳನ್ನು ಕರೆದೊಯ್ದರೆ ಒಳ್ಳೆಯದು.

ನಮ್ಮ ಪರಿಚಯದ ಕೃಷಿಕರೊಬ್ಬರು ಅಡಿಕೆ ಸಾಗಿಸಲೆಂದು ಹೀಗೆಯೇ ಒಂದು ಜೀಪು ತಂದಿದ್ದರು. ಆರ್.ಸಿ.ಯಲ್ಲಿ ಬಟ್ಟೆಯ ಮಾಡು. ಮೇಲಿದ್ದದ್ದು ಗಟ್ಟಿ ತಗಡಿನದು. ಹಿಂದೆ ಎರಡು ಸೀಟು ಹೆಚ್ಚು. ಕಚೇರಿಯವರು ಸೌಮ್ಯವಾಗಿಯೇ ಹೇಳಿದರಂತೆ, ಮೊದಲಿನಂತೆ ಮಾಡಿ ತನ್ನಿ ಎಂದು. ತಗಡು ಬಿಚ್ಚಿಸಿ, ಸೀಟು ತೆಗೆಸಿ, ಬಟ್ಟೆಯ ಮಾಡು ಹೊಲಿಸುವುದರಲ್ಲಿ ಅಗ್ಗಕ್ಕೆ ತಂದು ಉಳಿಸಿದ್ದಷ್ಟೂ ಹೋಯಿತು. ನಂಬರು ಸಿಕ್ಕಿತು, ಜೀಪು ಈಗ ಓಡುತ್ತಿದೆ. ಆ ತಗಡಿನ ಮಾಡು ಅವರ ಹಟ್ಟಿಯ ಬದಿಯಲ್ಲಿ ನಾಲ್ಕು ಕಲ್ಲಿನ ಮೇಲೆ ಕೂತಿದೆ. ಅದರಡಿ ಮಳೆಗಾಲಕ್ಕೆಂದು ತೆಂಗಿನ ಸಿಪ್ಪೆ ಒಟ್ಟಿದ್ದಾರೆ.